ವಿಡಿಯೋ ಗೇಮ್‌ಗಳು ಮುಗಿಯುವುದನ್ನು ಬಿಟ್ಟಿದ್ದು ಯಾವಾಗ?

ಮೂವತ್ತು ದಾಟಿದವರ ಹತ್ತಿರ ವಿಡಿಯೋ ಗೇಮ್ ಮಾತು ತೆಗೆದು ನೋಡಿ. ಐದೇ ನಿಮಿಷದಲ್ಲಿ "ಆಗಿನ ಮಜಾ ಈಗಿಲ್ಲ ಬಿಡಿ" ಎನ್ನುತ್ತಾರೆ. ಇದಕ್ಕೆ ಹುಡುಗರ ಹತ್ತಿರ ಉತ್ತರವೂ ರೆಡಿ ಇದೆ: ಗೇಮ್ ಚೆನ್ನಾಗೇ ಇದೆ, ನಿಮಗೆ ವಯಸ್ಸಾಯಿತು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ಈ ಜಗಳ ಈಗ ಇಷ್ಟಕ್ಕೇ ನಿಂತಿಲ್ಲ. ಬೆಲೆ, ಚಟ, ಜೂಜು, ಜಿಎಸ್‌ಟಿ, ಚೀನಾ ಆ್ಯಪ್ ನಿಷೇಧ ಎಲ್ಲ ಅದರೊಳಗೆ ಸೇರಿಕೊಂಡಿವೆ. ಟಿವಿ ಸುದ್ದಿಯಲ್ಲಿ 'ಗೇಮಿಂಗ್' ಅಂದರೆ ಒಂದು ದಿನ ಪಬ್‌ಜಿ, ಇನ್ನೊಂದು ದಿನ ರಮ್ಮಿ. ಯಾರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಮೊದಲ ಹನ್ನೊಂದು ವರ್ಷದ ಕಥೆಗೆ ಒಂದು ಸಾಲು ಸಾಕು: 1972ರಲ್ಲಿ ಪಾಂಗ್ ಬಂತು, 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಬಂತು, 1983ರಲ್ಲಿ ಅಮೆರಿಕದ ಮಾರುಕಟ್ಟೆ ಮುಗ್ಗರಿಸಿತು, ಅದೇ ವರ್ಷ ಜಪಾನಿನಲ್ಲಿ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ, ಹುಟ್ಟಿತು. ಇದರಲ್ಲಿ ಒಂದು ವಿಷಯ ಮಾತ್ರ ನೆನಪಿಡಬೇಕು. ಆಗಿನ ಎಷ್ಟೋ ಗೇಮ್‌ಗಳು ನಾಣ್ಯ ಹಾಕಿ ಆಡುವ ಆರ್ಕೇಡ್ ಮಷಿನ್‌ನಿಂದ ಬಂದವು. ಆಡುವವನು ಬೇಗ ಸೋತರೆ ಇನ್ನೊಂದು ನಾಣ್ಯ ಬೀಳುತ್ತದೆ. ಹಳೆಯ ಗೇಮ್‌ಗಳು ಅಷ್ಟು ಕಷ್ಟ ಇದ್ದದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ಆಗ ಗೇಮ್ ಮಾಡುವವರಿಗೆ ದುಡ್ಡಿನ ಆಸೆ ಇರಲಿಲ್ಲ, ಈಗ ಬಂತು ಅನ್ನುವುದು ಸುಮ್ನೆ ಮಾತು.

ಫ್ಯಾಮಿಕಾಮ್ ನಮ್ಮ ಮನೆಗಳಿಗೆ ಬಂದದ್ದು ಬೇರೆ ಹೆಸರಲ್ಲಿ. ತೊಂಬತ್ತರ ದಶಕದಲ್ಲಿ ಲಿಟಲ್ ಮಾಸ್ಟರ್, ಟರ್ಮಿನೇಟರ್ ಅಂತೆಲ್ಲ ಬರೆದ ಡಬ್ಬಗಳಲ್ಲಿ ಅದರ ನಕಲುಗಳು ಬಂದವು. ಜೊತೆಗೆ ಹಳದಿ ಬಣ್ಣದ ಕ್ಯಾಸೆಟ್. ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಗೇಮ್‌ಗಳು. ಉಳಿದ ಸಾವಿರಾರು ನಂಬರ್‌ಗಳಲ್ಲೂ ಅವೇ ಗೇಮ್, ಬೇರೆ ಲೆವೆಲ್‌ನಿಂದ ಶುರು. ಆಗಲೂ ಮೋಸ ಇತ್ತು, ಅಲ್ವಾ? ಆದರೆ ಅದು ಅಂಗಡಿಯಲ್ಲೇ ಮುಗಿಯುತ್ತಿತ್ತು. ಮನೆಗೆ ತಂದ ಮೇಲೆ ಕ್ಯಾಸೆಟ್ ಮತ್ತೆ ದುಡ್ಡು ಕೇಳುತ್ತಿರಲಿಲ್ಲ.

ಸೂಪರ್ ಮಾರಿಯೋದಲ್ಲಿ ಸೇವ್ ಮಾಡುವ ವ್ಯವಸ್ಥೆ ಇರಲಿಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಕಾಂಟ್ರಾದಲ್ಲಿ ಎಂಟು ಸ್ಟೇಜ್, ಮೂರು ಜೀವ. ಕೈ ಕುದುರಿದವರು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ಆ ಕೈ ಕುದುರುವುದಕ್ಕೆ ಒಂದು ಬೇಸಿಗೆ ರಜೆ ಬೇಕಾಗುತ್ತಿತ್ತು, ಅಷ್ಟೇ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಜೀವ ಸಿಗುತ್ತಿತ್ತು. ಈ ಕೋಡ್ ಹುಟ್ಟಿದ್ದು ಗ್ರೇಡಿಯಸ್ ಎಂಬ ಇನ್ನೊಂದು ಗೇಮ್‌ನಲ್ಲಿ. ಕೊನಾಮಿ ಕಂಪನಿಯ ಪ್ರೋಗ್ರಾಮರ್ ಕಝುಹಿಸಾ ಹಶಿಮೊಟೊ ಅದನ್ನು ಫ್ಯಾಮಿಕಾಮ್‌ಗೆ ತರುವಾಗ, ಆಡಿ ಪರೀಕ್ಷಿಸಲು ತನಗೇ ಕಷ್ಟವಾಗುತ್ತಿದೆ ಅಂತ ಹಾಕಿಕೊಂಡ ಅಡ್ಡದಾರಿ ಅದು. ಇವತ್ತಾಗಿದ್ದರೆ ಆ ಮೂವತ್ತು ಜೀವಕ್ಕೆ ಒಂದು ರೇಟು, ಮೇಲೊಂದು ದೀಪಾವಳಿ ಆಫರ್ ಇರುತ್ತಿತ್ತು.

ನನ್ನ ತಲೆಮಾರಿನ ಬಹಳಷ್ಟು ಜನ "ಆಗಿನ ಮಜಾ" ಅನ್ನುವಾಗ ಮನಸ್ಸಲ್ಲಿರುವುದು ಇದಲ್ಲ, ಇದರ ನಂತರದ ಕಾಲ. ಸೈಬರ್ ಕೆಫೆ ಕಾಲ.

1999ರಲ್ಲಿ ಮಿನ್ ಲೇ, ಜೆಸ್ ಕ್ಲಿಫ್ ಎಂಬ ಇಬ್ಬರು ಹಾಫ್-ಲೈಫ್ ಎಂಬ ಗೇಮ್‌ನ ಮೇಲೆ ತಮ್ಮದೇ ಆಟ ಕಟ್ಟಿ ಪುಕ್ಕಟೆ ಹಂಚಿದರು. ಅದೇ ಕೌಂಟರ್-ಸ್ಟ್ರೈಕ್. ಮರುವರ್ಷ ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿಯೇ ಅದನ್ನು ಮಾರಾಟಕ್ಕೆ ತಂದಿತು. 2003ರಲ್ಲಿ 1.6 ಆವೃತ್ತಿ ಬಂತು. ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ ಹೀಗೆ ಕಾಲೇಜು ಇದ್ದಲ್ಲೆಲ್ಲ ಒಂದು ಕೆಫೆ. ಮುಂದೆ ಇಮೇಲ್ ನೋಡುವವರು, ರಿಸಲ್ಟ್ ಪ್ರಿಂಟ್ ತೆಗೆಸುವವರು. ಹಿಂದಿನ ಸಾಲಿನಲ್ಲಿ ಯೂನಿಫಾರ್ಮ್ ಹಾಕಿದ ಹತ್ತು ಹುಡುಗರು. ಗೇಮ್ ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತಿತ್ತು, ಇಂಟರ್‌ನೆಟ್ ಬೇಕಿರಲಿಲ್ಲ. ಕೆಫೆಯ ಒಂದು ಕಂಪ್ಯೂಟರ್ ಸರ್ವರ್ ಆದರೆ ಉಳಿದವು ಲ್ಯಾನ್‌ನಲ್ಲಿ, ಅಂದರೆ ಕೆಫೆಯೊಳಗಿನ ವೈರಿನಲ್ಲೇ, ಸೇರಿಕೊಳ್ಳುತ್ತಿದ್ದವು. ಬಹುತೇಕ ಕಡೆ ಇದ್ದದ್ದು 'ನಾನ್-ಸ್ಟೀಮ್' ಪ್ರತಿ, ಅಂದರೆ ಕಳ್ಳ ಪ್ರತಿ. ಇದನ್ನು ಮುಚ್ಚಿಟ್ಟು ಹಳೆಯ ಕಾಲ ಹೊಗಳುವುದು ಸರಿಯಲ್ಲ. ಎಸ್‌ಪಿ ರೋಡಿನ ಕಂಪ್ಯೂಟರ್, ನ್ಯಾಷನಲ್ ಮಾರ್ಕೆಟ್ಟಿನ ಸಿಡಿ, ಇವೆರಡೂ ಇಲ್ಲದಿದ್ದರೆ ಇಲ್ಲಿ ಅರ್ಧ ಜನ ಗೇಮ್ ಮುಖ ನೋಡುತ್ತಿರಲಿಲ್ಲ.

ಆಟದ ಲೆಕ್ಕ ಸುಲಭ. ಎರಡು ಗುಂಪು, ಡಸ್ಟ್ 2 ಎಂಬ ಮ್ಯಾಪು, ಅಂದರೆ ಆಡುವ ಅಖಾಡ. ಒಂದು ಗುಂಪು ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತರೆ ಆ ರೌಂಡ್ ಮುಗಿಯುವವರೆಗೆ ಸುಮ್ಮನೆ ಕೂರಬೇಕು. ಸುಮ್ಮನೆ ಯಾರು ಕೂರುತ್ತಾರೆ? ಸತ್ತವನು ಪಕ್ಕದವನ ಸ್ಕ್ರೀನ್ ನೋಡಿ "ಲೋ, ಹಿಂದೆ ಇದಾನೆ ನೋಡೋ!" ಅಂತ ಕೂಗುತ್ತಿದ್ದ. ಆಮೇಲೆ ಅದೇ ಜಗಳ. ಎದುರಾಳಿ ಎರಡು ಕುರ್ಚಿ ಆಚೆಗೇ ಕೂತಿರುತ್ತಿದ್ದ. ಗುಂಡು ಹೊಡೆದರೆ ಆಚೆಯಿಂದ ಬೈಗುಳ ನೇರ ಕಿವಿಗೇ ಬೀಳುತ್ತಿತ್ತು.

ಗಂಟೆಗೆ ಹದಿನೈದೋ ಇಪ್ಪತ್ತೋ ರೂಪಾಯಿ. ಸಮಯ ಮುಗಿಯುತ್ತಿದ್ದಂತೆ ಸ್ಕ್ರೀನ್ ಲಾಕ್. "ಅಣ್ಣಾ, ಇನ್ನೊಂದರ್ಧ ಗಂಟೆ ಹಾಕಿ" ಅನ್ನುವುದಕ್ಕೆ ಜೇಬಿನಲ್ಲಿ ಕಾಸಿರಬೇಕು. ಕಾಸಿಲ್ಲದಿದ್ದರೆ ಎದ್ದು ಹೊರಡಬೇಕು. ಈಗ ಯೋಚಿಸಿದರೆ ನನಗೆ ಮುಖ್ಯ ಅನ್ನಿಸುವುದು ಇದೇ. ಆಟ ನಿಲ್ಲಿಸುತ್ತಿದ್ದದ್ದು ಹೊರಗಿನ ಯಾವುದೋ ಒಂದು: ಕೆಫೆಯ ಅಣ್ಣ, ಹೋದ ಕರೆಂಟು, ಕ್ರಿಕೆಟ್ ನೋಡಬೇಕೆಂದು ರಿಮೋಟ್ ಕಿತ್ತುಕೊಂಡ ಅಪ್ಪ. ಗೇಮ್‌ಗೆ ನಾವು ಎದ್ದು ಹೋದ ವಿಷಯವೇ ಗೊತ್ತಾಗುತ್ತಿರಲಿಲ್ಲ. ನಾಳೆ ಬರದಿದ್ದರೆ ಅದಕ್ಕೇನೂ ನಷ್ಟ ಇರಲಿಲ್ಲ.

ಬದಲಾವಣೆ ನಿಧಾನವಾಗಿ ಬಂತು. 2006ರಲ್ಲಿ ಒಬ್ಲಿವಿಯನ್ ಎಂಬ ಗೇಮ್‌ನಲ್ಲಿ ಕುದುರೆಗೆ ಹಾಕುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಲು ಇಟ್ಟರು. ಆಡುವವರು ನಕ್ಕರು. ನಗುತ್ತಲೇ ಹಲವರು ಕೊಂಡರು. 2012ರ ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವ. ಒಂದು ಕಳೆದರೆ ಮರಳಿ ಬರಲು ಅರ್ಧ ಗಂಟೆ. ಕಾಯಿರಿ, ಸ್ನೇಹಿತರನ್ನು ಕೇಳಿ, ಇಲ್ಲವೇ ದುಡ್ಡು ಕೊಡಿ. ಕೆಫೆಯ ಅಣ್ಣನ ಕೆಲಸವನ್ನು ಗೇಮ್ ತಾನೇ ವಹಿಸಿಕೊಂಡಿತು. 2017ರ ಹೊತ್ತಿಗೆ ಫೋರ್ಟ್‌ನೈಟ್ ಎಂಬ ಗೇಮ್ 'ಬ್ಯಾಟಲ್ ಪಾಸ್' ಅನ್ನು ಮನೆಮಾತು ಮಾಡಿತು. ಮೊದಲೇ ದುಡ್ಡು ಕಟ್ಟಿ, ಬಹುಮಾನ ಬೇಕಾದರೆ ಸೀಸನ್ ಮುಗಿಯುವುದರೊಳಗೆ ಆಡಿ ಗಳಿಸಬೇಕು. ರಜೆ ಹಾಕಿದರೆ ಕಟ್ಟಿದ ದುಡ್ಡು ಹೋಯಿತು.

ಜಾತ್ರೆಯ ತೊಟ್ಟಿಲಿಗೆ ಟಿಕೆಟ್ ಕೊಟ್ಟು ಹತ್ತಿ, ನಾಲ್ಕು ಸುತ್ತು ಸುತ್ತಿ ಇಳಿಯುತ್ತೇವೆ. ಈಗಿನ ತೊಟ್ಟಿಲು ಹತ್ತುವುದಕ್ಕೆ ದುಡ್ಡು ಕೇಳುವುದಿಲ್ಲ. ಅದರ ಲಾಭ ಇರುವುದು ನೀವು ಇಳಿಯದೇ ಇರುವುದರಲ್ಲಿ.

ಇದಕ್ಕೂ ಕಾರಣ ಇದೆ. ದೊಡ್ಡ ಗೇಮ್ ಮಾಡಲು ಈಗ ಸಾವಿರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಅವರಲ್ಲಿ ಬೆಂಗಳೂರಿನವರೂ ಇದ್ದಾರೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ಗೇಮ್‌ಗಳಿಗೆ ಚಿತ್ರ ಕೆಲಸ ಮಾಡಿಕೊಟ್ಟೇ ಬೆಳೆಯಿತು. 2019ರಲ್ಲಿ ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಆದರೆ ದೊಡ್ಡ ಗೇಮ್‌ನ ಬೆಲೆ ಬಹುಕಾಲ 60 ಡಾಲರ್‌ನಲ್ಲೇ ನಿಂತಿತ್ತು. 2020ರಲ್ಲಿ 70 ಆಯಿತು. ಖರ್ಚು ಏರಿದಷ್ಟು ಬೆಲೆ ಏರಲಿಲ್ಲ. ಉಳಿದ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ.

ಎಲ್ಲಿಂದ ಬರುತ್ತದೆ ಎಂದು ನೋಡಲು ಕೌಂಟರ್-ಸ್ಟ್ರೈಕ್ ಒಂದೇ ಸಾಕು. 2013ರ ಆಗಸ್ಟ್‌ನಲ್ಲಿ ಅದರೊಳಗೆ 'ಸ್ಕಿನ್' ಬಂತು, ಅಂದರೆ ಬಂದೂಕಿಗೆ ಬಣ್ಣ. ಬಣ್ಣ ಇದ್ದರೆ ಗುಂಡು ಜಾಸ್ತಿ ಜೋರಾಗಿ ಹೋಗುವುದಿಲ್ಲ. ಆದರೂ ಸ್ಕಿನ್ ಇರುವ ಪೆಟ್ಟಿಗೆ ತೆರೆಯಲು ಕೀಲಿ ಕೊಳ್ಳಬೇಕು, ಒಳಗೆ ಏನಿದೆ ಅನ್ನುವುದು ಅದೃಷ್ಟ. ಅಪರೂಪದ ಚಾಕುಗಳು ಲಕ್ಷಗಟ್ಟಲೆ ರೂಪಾಯಿಗೆ ಕೈ ಬದಲಾಗತೊಡಗಿದವು. 2018ರಲ್ಲಿ ಗೇಮೇ ಪುಕ್ಕಟೆ ಆಯಿತು. 2025ರ ಅಕ್ಟೋಬರ್‌ನಲ್ಲಿ ಒಂದು ಅಪ್‌ಡೇಟ್ ಬಂದಾಗ ಆ ಚಾಕುಗಳ ಬೆಲೆ ನೆಲ ಕಚ್ಚಿತು, ಜನ ಷೇರು ಮುಳುಗಿದಂತೆ ಗೋಳಾಡಿದರು. ಡಸ್ಟ್ 2 ಮ್ಯಾಪು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಆಟ ಕೆಟ್ಟಿದೆ ಎಂದು ನಾನು ಹೇಳಲಾರೆ. ಆಡುವಾಗಿನ ಮಾತು ಬೇರೆಯಾಗಿದೆ.

ಅದೃಷ್ಟದ ಪೆಟ್ಟಿಗೆ ಜೂಜು ಹೌದೋ ಅಲ್ಲವೋ ಎಂಬ ಪ್ರಶ್ನೆ ದೊಡ್ಡದಾಗಿದ್ದು 2017ರಲ್ಲಿ, ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಎಂಬ ಗೇಮ್ ಬಂದಾಗ. ಜನ ಎಷ್ಟು ರೇಗಿದರು ಅಂದರೆ ಬಿಡುಗಡೆಯ ಹೊತ್ತಿಗೆ ಗೇಮ್ ಒಳಗಿನ ದುಡ್ಡಿನ ವ್ಯವಹಾರವನ್ನೇ ತಡೆಹಿಡಿಯಬೇಕಾಯಿತು. ಮರುವರ್ಷ ಬೆಲ್ಜಿಯಂ ಇಂಥ ಪೆಟ್ಟಿಗೆ ಜೂಜೇ ಎಂದಿತು. ಬೇರೆ ಹಲವು ದೇಶಗಳು ಇನ್ನೂ ಯೋಚಿಸುತ್ತಿವೆ.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಹಳಬರು ಮೊಬೈಲ್ ಗೇಮ್ ಅಂದರೆ ಮೂಗು ಮುರಿಯುತ್ತಾರೆ. ಅದು ನ್ಯಾಯ ಅಲ್ಲ. ಕೆಫೆಯ ಹಿಂದಿನ ಸಾಲು ಹೆಚ್ಚಾಗಿ ಪೇಟೆಯ ಹುಡುಗರದ್ದೇ ಆಗಿತ್ತು, ಹುಡುಗಿಯರಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಿಂಧನೂರಿನಲ್ಲಿ ಕೂತು ಬೆಂಗಳೂರಿನ ಅತ್ತೆ ಮಗನ ಜೊತೆ ಮಾತಾಡುತ್ತಾ ಆಡುವವರಿಗೆ ಪಬ್‌ಜಿಯೇ ಕೆಫೆ. ಹತ್ತು ವರ್ಷ ಬಿಟ್ಟು ಅವರೂ "ಆಗಿನ ಮಜಾ ಈಗಿಲ್ಲ" ಅನ್ನುತ್ತಾರೆ, ನೋಡುತ್ತಿರಿ.

2020ರ ಸೆಪ್ಟೆಂಬರ್ 2ರಂದು ಚೀನಾ ನಂಟಿನ 118 ಆ್ಯಪ್‌ಗಳಿಗೆ ನಿಷೇಧ ಬಿತ್ತು, ಅದರಲ್ಲಿ ಪಬ್‌ಜಿಯೂ ಒಂದು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಅದೂ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಆ ಸಲ ಒಂದು ಷರತ್ತಿತ್ತು: 18ರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ. ಚೀನಾ ಇನ್ನೂ ಗಟ್ಟಿ. ಅಲ್ಲಿ 2021ರಿಂದ ಮಕ್ಕಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9, ಒಂದೇ ಗಂಟೆ. ಗೇಮ್ ತಾನಾಗಿ ಮುಗಿಯದಿದ್ದಾಗ ಮುಗಿಸುವ ಕೆಲಸ ಸರ್ಕಾರದ ತಲೆಗೆ ಬಂತು. ಸರ್ಕಾರ ಅದನ್ನು ಕೆಫೆಯ ಅಣ್ಣನಷ್ಟು ಚೆನ್ನಾಗಿ ಮಾಡುತ್ತದೆ ಎಂಬ ನಂಬಿಕೆ ನನಗಿಲ್ಲ.

ಇದೇ ಹೊತ್ತಿಗೆ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳೂ ತಮ್ಮನ್ನು 'ಗೇಮಿಂಗ್' ಎಂದೇ ಕರೆದುಕೊಂಡವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಲಂಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಲ್ಲಿ ಇಂಥ ಆಟಗಳ ಮೇಲೆ 28 ಶೇಕಡಾ ಜಿಎಸ್‌ಟಿ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ, ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್ ಪಂದ್ಯಗಳಿಗೆ, ಮಾನ್ಯತೆ ಕೊಡುವ ಕಾನೂನು ಮಾಡಿತು. ಮಾರಿಯೋ ಆಡುವವನಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಮನೆಯಲ್ಲಿ ಕಂಟ್ರೋಲರ್ ಹಿಡಿದರೆ "ಆನ್‌ಲೈನ್ ಜೂಜಾ?" ಅಂತ ಕೇಳುವವರಿದ್ದಾರೆ.

ಹಾಗಾದರೆ ಮುಗಿಯುವ ಗೇಮ್‌ಗಳು ಸತ್ತುಹೋದವಾ? ಇಲ್ಲವೇ ಇಲ್ಲ. 2016ರ ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಎಂಬ ಒಬ್ಬನೇ ಮಾಡಿದ್ದು, ಚಿತ್ರ ಸಂಗೀತ ಎಲ್ಲ ಸೇರಿ. ಪುಣೆಯ ತಂಡವೊಂದು 2020ರಲ್ಲಿ ರಾಜಿ ಎಂಬ ನಮ್ಮ ಪುರಾಣದ ಗೇಮ್ ತಂದಿತು. 2025ರ ಸೆಪ್ಟೆಂಬರ್ 4ರಂದು ಸಿಲ್ಕ್‌ಸಾಂಗ್ ಎಂಬ ಗೇಮ್ ಬಂದಾಗ ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ನಿಂತುಹೋದವು. ಬೆಲೆ 20 ಡಾಲರ್. ಕೀಲಿ, ಪೆಟ್ಟಿಗೆ, ಪಾಸ್ ಏನೂ ಇಲ್ಲ. ಕೈಯಿಂದ ಬರೆದ ಚಿತ್ರ, ಕಾಂಟ್ರಾವನ್ನೂ ನಾಚಿಸುವ ಕಷ್ಟ. ಆಯ್ಕೆ ಎಂದೂ ಇಷ್ಟು ಇರಲಿಲ್ಲ. ಆದರೆ ಜಾಹೀರಾತು ಕಣ್ಣಿಗೆ ತರುವುದು ಇವುಗಳನ್ನಲ್ಲ. ಹುಡುಕಿಕೊಂಡು ಹೋಗಬೇಕು, ಅದಕ್ಕೆ ಸಮಯ ಬೇಕು. ಮೂವತ್ತು ದಾಟಿದವರ ಹತ್ತಿರ ಇಲ್ಲದಿರುವುದು ಅದೇ.

ಕೊನೆಯ ಎಳೆ, ಎಲ್ಲಕ್ಕಿಂತ ಹೊಸದು. 2024ರ ಮಾರ್ಚ್ 31ಕ್ಕೆ ದಿ ಕ್ರೂ ಎಂಬ ರೇಸಿಂಗ್ ಗೇಮ್‌ನ ಸರ್ವರ್ ಮುಚ್ಚಿದರು. ದುಡ್ಡು ಕೊಟ್ಟು ಡಿಸ್ಕ್ ತಂದವರೂ ಆಮೇಲೆ ಆಡಲಾಗಲಿಲ್ಲ. ಯುರೋಪಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಹೋರಾಟ ಶುರುವಾಯಿತು. ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ನೀವು ಕೊಳ್ಳುತ್ತಿರುವುದು ಗೇಮ್ ಅಲ್ಲ, ಆಡುವ ಪರವಾನಗಿ ಎಂದು ಅಂಗಡಿಯವರು ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ. ಕೆಫೆಗಳ ಕಳ್ಳ 1.6 ಪ್ರತಿ ಹಳೆಯ ಕಂಪ್ಯೂಟರ್ ಇರುವಲ್ಲಿ ಇನ್ನೂ ಓಡುತ್ತದೆ, ಕಾಸು ಕೊಟ್ಟು ಕೊಂಡ ದಿ ಕ್ರೂ ಸರ್ವರ್ ಮುಚ್ಚಿದ ಮೇಲೆ ಓಡಲಿಲ್ಲ. ನಮ್ಮಲ್ಲಿ ಚರ್ಚೆ ಇನ್ನೂ ಅಲ್ಲಿಗೆ ಬಂದಿಲ್ಲ. ಗೇಮ್ ಬೇರೆ, ರಮ್ಮಿ ಬೇರೆ ಎಂದು ಮನೆಯವರಿಗೆ ಬಿಡಿಸಿ ಹೇಳುವುದರಲ್ಲೇ ಇದ್ದೇವೆ.