ಹೊಸ ಟ್ಯಾಬ್ ಬರೋವರೆಗೂ ಕಾಯಲಾ, ಈಗಲೇ ತಗೊಳ್ಳಲಾ?

ಪ್ರಶ್ನೆ: ಸರ್, ಮಗಳು ಮೊದಲ ಪಿಯುಸಿ, ಸೈನ್ಸ್. ನೀಟ್ ಪಾಠವೆಲ್ಲ ನನ್ನ ಮೊಬೈಲಲ್ಲೇ ನೋಡುತ್ತಾಳೆ. ಒಂದು ಟ್ಯಾಬ್ ಕೊಡಿಸೋಣ ಅಂತ ಕೋಲಾರಕ್ಕೆ ಹೋದರೆ ಅಂಗಡಿಯವರು ‘ಇದೇ ಒಳ್ಳೇ ಟೈಮು, ತಗೊಂಡುಬಿಡಿ’ ಅಂದರು. ಬಾಮೈದ ‘ಹೊಸ ಮಾಡೆಲ್ ಬರ್ತಿದೆ, ಸುಮ್ನಿರಿ ಭಾವ’ ಅಂತಾನೆ. ನಿಜವಾಗಿ ಹೊಸದು ಯಾವಾಗ ಬರುತ್ತೆ? (ಬಂಗಾರಪೇಟೆಯ ಓದುಗರು)

ಉತ್ತರ: ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಅಂಗಡಿಯವರಿಗೆ ಇರುವ ಸ್ಟಾಕ್ ಖಾಲಿಯಾಗಬೇಕು. ಹೊಸ ಮಾಡೆಲ್ ಬರುವುದೂ ಖಂಡಿತ, ಅದು ಯಾವಾಗಲೂ ಬರುತ್ತಲೇ ಇರುತ್ತದೆ. ಯಾವ ತಿಂಗಳು ಅಂತ ಬಾಮೈದನನ್ನು ಕೇಳಿ ನೋಡಿ, ತಡವರಿಸುತ್ತಾನೆ. ಅವನದೂ ತಪ್ಪಲ್ಲ. ಕಂಪನಿಗಳು ಕೆಲವು ವಾರ ಮುಂಚೆ ಹೇಳಿದರೆ ಅದೇ ಹೆಚ್ಚು. ಆಪಲ್ ಎಷ್ಟೋ ಸಲ ಕಾರ್ಯಕ್ರಮವನ್ನೇ ಮಾಡುವುದಿಲ್ಲ, ಒಂದು ಪ್ರಕಟಣೆ ಹಾಕಿ ಮುಗಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ಅದರ ದುಬಾರಿ ಟ್ಯಾಬ್ ಐಪ್ಯಾಡ್ ಪ್ರೊ ಬಂದಿದ್ದು ಹಾಗೆಯೇ.

ಹಾಗಾಗಿ ನಮಗೆ ಉಳಿಯುವುದು ಊಹೆ. ಊಹೆಯಲ್ಲೂ ಲೆಕ್ಕ ಹಾಕಿ ಮಾಡಿದ್ದು ಬೇರೆ, ಗಾಳಿಮಾತು ಬೇರೆ.

ಗಾಳಿಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಬಾಲವೂ ಅಂಟಿಕೊಂಡಿದೆ: ‘ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಹುಡುಗ ಹೇಳಿದ.’ ನರಸಾಪುರದಲ್ಲಿ ತೈವಾನ್‌ನ ವಿಸ್ಟ್ರಾನ್ ಕಂಪನಿ ಕಟ್ಟಿದ, 2023ರಲ್ಲಿ ಟಾಟಾ ಕೈಗೆ ಬಂದ ಕಾರ್ಖಾನೆ ಇರುವುದು ನಿಜ. ಆದರೆ ಅಲ್ಲಿ ಜೋಡಿಸುವುದು ಐಫೋನ್. ಐಪ್ಯಾಡ್ ಹೆಚ್ಚಾಗಿ ತಯಾರಾಗುವುದು ಚೀನಾ, ವಿಯೆಟ್ನಾಂನಲ್ಲಿ. ಪಕ್ಕದ ಊರಲ್ಲಿ ಐಫೋನ್ ತಯಾರಾಗುತ್ತದೆ ಅಂದಮಾತ್ರಕ್ಕೆ ಐಪ್ಯಾಡ್ ಗುಟ್ಟು ನಮಗೆ ಮೊದಲು ಗೊತ್ತಾಗುವುದಿಲ್ಲ. ಆ ಹುಡುಗನನ್ನು ಪಾಪ ಬಿಟ್ಟುಬಿಡಿ.

ಲೆಕ್ಕಕ್ಕೆ ಬರೋಣ. ಮೊದಲ ಐಪ್ಯಾಡನ್ನು ಸ್ಟೀವ್ ಜಾಬ್ಸ್ ತೋರಿಸಿದ್ದು 2010ರ ಜನವರಿ 27ರಂದು. ಅದಾದ ಮೇಲೆ 2011ರಿಂದ 2025ರವರೆಗಿನ ದಿನಾಂಕಗಳನ್ನು ಸಾಲಾಗಿ ಬರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಸ ಐಪ್ಯಾಡ್ ಘೋಷಣೆಯಾಗಿರುವುದು ಮಾರ್ಚ್‌ನಿಂದ ಮೇ ಒಳಗೆ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. 2017ರ ಜೂನ್ ಒಂದೇ ಇದಕ್ಕೆ ಹೊರತು. ಹಾಗಾಗಿ ಜುಲೈನಲ್ಲೋ ಡಿಸೆಂಬರ್‌ನಲ್ಲೋ ಯಾರಾದರೂ ‘ಮುಂದಿನ ವಾರ ಹೊಸ ಐಪ್ಯಾಡ್ ಬರುತ್ತೆ’ ಅಂದರೆ ತಲೆಯಾಡಿಸಿ ಸುಮ್ಮನಾಗಬಹುದು.

ತಿಂಗಳು ಸಿಕ್ಕಿತು. ವರ್ಷ ಯಾವುದು? ಕೈಕೊಡುವುದು ಇಲ್ಲೇ. ಎಲ್ಲಕ್ಕಿಂತ ಕಡಿಮೆ ಬೆಲೆಯ ಸಾದಾ ಐಪ್ಯಾಡ್ 2019, 2020, 2021, ಮೂರೂ ವರ್ಷ ಸೆಪ್ಟೆಂಬರ್‌ನಲ್ಲೇ ಬಂತು. 2022ರಲ್ಲಿ ಅಕ್ಟೋಬರ್. ಇಷ್ಟು ನೋಡಿದ ಯಾರೇ ಆದರೂ 2023ರ ದಸರಾ ಹೊತ್ತಿಗೆ ಇನ್ನೊಂದು ಬರುತ್ತದೆ ಅಂತ ಹೇಳುತ್ತಿದ್ದರು. ಬರಲಿಲ್ಲ. ಸಾದಾ ಐಪ್ಯಾಡ್ ಮಾತ್ರ ಅಲ್ಲ, ಆ ಇಡೀ ವರ್ಷ ಒಂದೇ ಒಂದು ಹೊಸ ಐಪ್ಯಾಡ್ ಬರಲಿಲ್ಲ. 2010ರಿಂದ ಹಾಗಾಗಿದ್ದು ಅದೇ ಮೊದಲು. ಸಾದಾ ಐಪ್ಯಾಡ್‌ನ ಸರದಿ ಬಂದಿದ್ದು 2025ರ ಮಾರ್ಚ್‌ನಲ್ಲಿ. ಮಧ್ಯೆ 29 ತಿಂಗಳು! ‘ಇನ್ನೊಂದು ತಿಂಗಳು ನೋಡೋಣ’ ಅಂತ ಕಾದವರ ಮಕ್ಕಳು ಅಷ್ಟರಲ್ಲಿ ಪಿಯುಸಿಯನ್ನೇ ಮುಗಿಸಿರುತ್ತಾರೆ.

ಇದರ ತದ್ವಿರುದ್ಧವೂ ಆಗಿದೆ. ಮೂರನೇ ಐಪ್ಯಾಡ್ ಬಂದಿದ್ದು 2012ರ ಮಾರ್ಚ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ನಾಲ್ಕನೆಯದು ಬಂತು, ಅದೂ ಚಾರ್ಜಿಂಗ್ ಪಿನ್ನನ್ನೇ ಬದಲಾಯಿಸಿಕೊಂಡು. ಏಳು ತಿಂಗಳ ಹಿಂದೆ ದುಡ್ಡು ಕೊಟ್ಟವರ ಹೊಟ್ಟೆ ಉರಿಯದೇ ಇರುತ್ತಾ?

ಹಾಗಾಗಿ ‘ಐಪ್ಯಾಡ್ ಯಾವಾಗ’ ಅಂತ ಒಟ್ಟಾಗಿ ಕೇಳಬಾರದು, ಯಾವ ಐಪ್ಯಾಡ್ ಅಂತ ಕೇಳಬೇಕು. ಸಾದಾ ಅಲ್ಲದೆ ಪ್ರೊ, ಮಿನಿ, ಏರ್ ಅಂತ ಇನ್ನೂ ಮೂರು ಬಗೆ ಇವೆ. ಪ್ರೊ ಒಂದೇ ಸ್ವಲ್ಪ ಶಿಸ್ತಿನ ಮಗು. 2021ರ ಏಪ್ರಿಲ್, 2022ರ ಅಕ್ಟೋಬರ್, 2024ರ ಮೇ, 2025ರ ಅಕ್ಟೋಬರ್. ಅಂತರ 18, 19, 17 ತಿಂಗಳು. ಇದೇ ಹದದಲ್ಲಿ ಹೋದರೆ ಮುಂದಿನದು 2027ರ ಮಾರ್ಚ್‌ನಿಂದ ಮೇ ಒಳಗೆ ಬರಬೇಕು. ಮಿನಿಯದು ಬೇರೆಯೇ ಕಥೆ. 2015ರವರೆಗೆ ವರ್ಷಕ್ಕೊಂದು ಬರುತ್ತಿತ್ತು. ಆಮೇಲೆ 2019ರ ಮಾರ್ಚ್, 2021ರ ಸೆಪ್ಟೆಂಬರ್, 2024ರ ಅಕ್ಟೋಬರ್. ಎರಡೂವರೆ ವರ್ಷಕ್ಕಿಂತ ಮುಂಚೆ ಅದು ಅಲುಗಾಡಿಲ್ಲ. ಏರ್ ಒಮ್ಮೆ 26 ತಿಂಗಳು ಮಲಗಿ, ಆಮೇಲೆ ಹತ್ತೇ ತಿಂಗಳಿಗೆ ಎದ್ದು ಕೂತಿತು. ಅದರ ಮೇಲೆ ಲೆಕ್ಕ ಕಟ್ಟಲು ನಾನು ಹೋಗುವುದಿಲ್ಲ.

ಸ್ಯಾಮ್‌ಸಂಗ್‌ನ ದುಬಾರಿ ಎಸ್ ಸರಣಿ 2022ರ ಫೆಬ್ರವರಿ, 2023ರ ಜುಲೈ, 2024ರ ಸೆಪ್ಟೆಂಬರ್, 2025ರ ಸೆಪ್ಟೆಂಬರ್ ಹೀಗೆ ಬಂದಿದೆ. ಅಂತರ ಕಡಿಮೆಯಾಗುತ್ತಾ ಬಂದು ಸೆಪ್ಟೆಂಬರ್‌ಗೆ ನಿಂತ ಹಾಗಿದೆ. ನಿಮ್ಮಂಥವರು ಕೊಳ್ಳುವುದು ಹೆಚ್ಚಾಗಿ ಎ ಸರಣಿ, ಅಲ್ವಾ? ಎ8 ಬಂದಿದ್ದು 2021ರ ಡಿಸೆಂಬರ್‌ನಲ್ಲಿ, ಎ9 2023ರ ಅಕ್ಟೋಬರ್‌ನಲ್ಲಿ, ಎ11 2025ರ ಸೆಪ್ಟೆಂಬರ್‌ನಲ್ಲಿ. ಎ10 ಅಂತ ಒಂದು ಬರಲೇ ಇಲ್ಲ, ನಂಬರ್ ಹಾರಿಸಿದರು. ಸುಮಾರು ಎರಡು ವರ್ಷಕ್ಕೊಂದು ಅಂತಾಯಿತು. ಅಗ್ಗದ ಟ್ಯಾಬ್‌ಗಳಲ್ಲಿ ಅವಸರ ಇಲ್ಲದಿರಲು ಕಾರಣ ಸರಳ. ಫೋನ್ ಬದಲಾಯಿಸಿದಷ್ಟು ಬೇಗ ಯಾರೂ ಟ್ಯಾಬ್ ಬದಲಾಯಿಸುವುದಿಲ್ಲ. ಕೊರೋನಾ ಸಮಯದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗಾಗಿ ಕೊಂಡದ್ದು ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿದೆ, ಅಜ್ಜಿ ಧಾರಾವಾಹಿ ನೋಡುತ್ತಿದ್ದಾರೆ.

ಇನ್ನು ಸುಳಿವುಗಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವಲ್ಲ, ಟ್ಯಾಬ್ ಕವರ್ ಮಾಡುವವರು ಮಾಡುವುದು ಅದನ್ನೇ, ಗಂಭೀರವಾಗಿ. ಟ್ಯಾಬ್ ಬಂದ ದಿನವೇ ಕವರ್ ಮಾರಬೇಕು ಅಂತ ಅಳತೆ ಹೇಗೋ ಸಂಪಾದಿಸಿ ಮುಂಚೆಯೇ ತಯಾರಿಸಿ ಇಟ್ಟಿರುತ್ತಾರೆ. ಕ್ಯಾಮೆರಾ ತೂತು ಎಲ್ಲಿದೆ ಅಂತ ಆ ಕವರ್ ಫೋಟೋದಲ್ಲೇ ಗೊತ್ತಾಗುತ್ತದೆ. ಕೆಲವು ಸಲ ಕುಲಾವಿಯ ಅಳತೆ ತಪ್ಪುತ್ತದೆ, ಅದು ಬೇರೆ ಮಾತು.

ಇದಕ್ಕಿಂತ ಗಟ್ಟಿಯಾದದ್ದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ. 2012ರ ಆದೇಶದಿಂದ ಶುರುವಾದ ನಿಯಮದ ಪ್ರಕಾರ ಟ್ಯಾಬ್, ಲ್ಯಾಪ್‌ಟಾಪ್ ಇವನ್ನು ಭಾರತದಲ್ಲಿ ಮಾರಬೇಕಾದರೆ ಮೊದಲು ಪರೀಕ್ಷೆ ಮಾಡಿಸಿ ಬಿಐಎಸ್‌ನಲ್ಲಿ ನೋಂದಾಯಿಸಲೇಬೇಕು. ಆ ಪಟ್ಟಿ ಸಾರ್ವಜನಿಕ. ಹೆಸರು ಇರುವುದಿಲ್ಲ, ಮಾಡೆಲ್ ನಂಬರ್ ಮಾತ್ರ ಇರುತ್ತದೆ. ಸ್ಯಾಮ್‌ಸಂಗ್ ಟ್ಯಾಬ್ ಆದರೆ ಹೆಚ್ಚಾಗಿ ಎಸ್ಎಂ-ಎಕ್ಸ್ ಅಂತ ಶುರುವಾಗುತ್ತದೆ. ಸುದ್ದಿಯವರು ‘ಶೀಘ್ರದಲ್ಲೇ ಭಾರತಕ್ಕೆ’ ಅಂತ ಬರೆಯುವುದು ಹೆಚ್ಚಾಗಿ ಇದನ್ನು ನೋಡಿಯೇ. ಅದು ಪಟ್ಟಿಯಲ್ಲಿ ಕಂಡ ಮೇಲೆ ಕೆಲವು ವಾರಕ್ಕೂ ಬರಬಹುದು, ಕೆಲವು ತಿಂಗಳಿಗೂ ಬರಬಹುದು. ಆದರೂ ನಮ್ಮ ದೇಶಕ್ಕೆ ತರುವ ಮನಸ್ಸಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಸಿಗುವುದಿಲ್ಲ.

ಅಂಗಡಿಯಲ್ಲೇ ನೋಡಬಹುದಾದ ಒಂದು ಸುಳಿವೂ ಇದೆ. ಬಾಕ್ಸ್ ಕೈಗೆ ತಗೊಂಡು ತಿರುಗಿಸಿ. ಹಿಂದೆಯೋ ಪಕ್ಕದಲ್ಲೋ ಸಣ್ಣ ಅಕ್ಷರದ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರಲ್ಲಿ ಎಂಆರ್‌ಪಿ, ಆಮದು ಮಾಡಿದವರ ವಿಳಾಸ, ಮತ್ತು ತಯಾರಾದ ಇಲ್ಲವೇ ಆಮದಾದ ತಿಂಗಳು-ವರ್ಷ ಇರುತ್ತದೆ. ಮಬ್ಬು ಬೆಳಕಲ್ಲಿ ಕಾಣುವುದಿಲ್ಲ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ತಿಂಗಳು ಇತ್ತೀಚಿನದಾದರೆ ಕಂಪನಿ ಇನ್ನೂ ಆ ಮಾಡೆಲನ್ನು ಸರಬರಾಜು ಮಾಡುತ್ತಿದೆ. ಒಂದೂವರೆ ವರ್ಷ ಹಳೆಯದಾದರೆ ಮೂಲೆಯಲ್ಲಿ ಬಿದ್ದಿದ್ದ ಸ್ಟಾಕ್. ಅದಕ್ಕೆ ಬೆಲೆ ಇಳಿಸಿ ಅಂತ ಧೈರ್ಯವಾಗಿ ಕೇಳಿ. ಅಷ್ಟು ದಿನ ಚಾರ್ಜ್ ಇಲ್ಲದೆ ಕೂತ ಬ್ಯಾಟರಿಯನ್ನು ಪೂರ್ತಿ ಬೆಲೆಗೆ ಯಾಕೆ ತಗೊಳ್ಳಬೇಕು?

ಸರಿ, ಕಾದರೆ ಸಿಗುವುದಾದರೂ ಏನು? ಇದನ್ನು ಕೇಳುವವರು ಕಡಿಮೆ. ಸ್ಯಾಮ್‌ಸಂಗ್ ಎಸ್6 ಲೈಟ್ 2020ರಲ್ಲಿ ಬಂತು. 2022ರಲ್ಲಿ ‘ಹೊಸದು’ ಬಂತು, 2024ರಲ್ಲಿ ಮತ್ತೊಂದು ‘ಹೊಸದು’. ಹೆಸರು ಅದೇ, 10.4 ಇಂಚಿನ ಪರದೆ ಅದೇ, ಒಳಗಿನ ಚಿಪ್ ಮಾತ್ರ ಬೇರೆ. ಇಂಥ ಅಪ್‌ಗ್ರೇಡ್‌ಗೆ ವರ್ಷಗಟ್ಟಲೆ ಕಾಯುವುದು ನನಗಂತೂ ಅರ್ಥವಾಗುವುದಿಲ್ಲ.

ಸಾದಾ ಐಪ್ಯಾಡ್‌ನಲ್ಲಿ ಸ್ವಲ್ಪ ಪರವಾಗಿಲ್ಲ. ಅದಕ್ಕೆ ಆಪಲ್ ಹಾಕುವುದು ಎರಡು-ಮೂರು ವರ್ಷ ಹಳೆಯ ಐಫೋನ್‌ನ ಚಿಪ್ಪನ್ನು. 2020ರ ಐಫೋನ್‌ನ ಎ14 ಚಿಪ್ 2022ರ ಐಪ್ಯಾಡ್‌ಗೆ ಹೋಯಿತು. 2022ರ ಎ16 ಚಿಪ್ 2025ರದಕ್ಕೆ. ಮುಂದಿನದರಲ್ಲಿ 2024ರ ಐಫೋನ್‌ನ ಎ18 ಇರಬಹುದು ಅಂತ ಊಹಿಸುವವರು ಹಾಕುವುದೂ ಇದೇ ಲೆಕ್ಕ. ಎ16ಕ್ಕೆ ಆಪಲ್‌ನ ಎಐ ಸೌಲಭ್ಯಗಳು ಸಿಗುವುದಿಲ್ಲ, ಎ18ಕ್ಕೆ ಸಿಗುತ್ತವೆ. ನೀಟ್‌ಗೆ ಓದುವ ಹುಡುಗಿಗೆ ಅದರಿಂದ ಒಂದು ಮಾರ್ಕ್ ಜಾಸ್ತಿ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ.

ಬೆಲೆಯ ವಿಷಯದಲ್ಲಿ ಕಾದವರಿಗೆ ಲಾಭವಾದದ್ದೂ ಉಂಟು. 2022ರಲ್ಲಿ ಸಾದಾ ಐಪ್ಯಾಡ್ ಇಲ್ಲಿ ₹44,900ಕ್ಕೆ ಬಂತು, 64 ಜಿಬಿ. 2024ರ ಮೇನಲ್ಲಿ ಕಂಪನಿಯೇ ಅದನ್ನು ₹34,900ಕ್ಕೆ ಇಳಿಸಿತು. 2025ರ ಮಾರ್ಚ್‌ನಲ್ಲಿ ಅದೇ ₹34,900ಕ್ಕೆ 128 ಜಿಬಿಯ ಹೊಸದು ಬಂತು. ಆದರೆ ಪ್ರತಿ ಸಲ ಹೀಗೇ ಆಗುತ್ತದೆ ಅಂದುಕೊಳ್ಳಬೇಡಿ. 2025ರ ಕೊನೆಯಿಂದ ಮೆಮೊರಿ ಚಿಪ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳೇ ಅವನ್ನು ಬಾಚಿಕೊಳ್ಳುತ್ತಿವೆ. ಮುಂದೆ ಬರುವ ಟ್ಯಾಬ್ ಇವತ್ತಿನದಕ್ಕಿಂತ ದುಬಾರಿಯಾದರೂ ಆಶ್ಚರ್ಯವಿಲ್ಲ. ಜಿಎಸ್‌ಟಿ ಇಳಿದದ್ದರಿಂದ ಟ್ಯಾಬ್ ಅಗ್ಗವಾಗಿದೆ ಅಂತ ಯಾರಾದರೂ ಹೇಳಿದರೆ ಅದೂ ಸುಳ್ಳು. 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದದ್ದು ದೊಡ್ಡ ಟಿವಿ, ಎಸಿ ಇಂಥವು. ಟ್ಯಾಬ್‌ಗೆ ಮೊದಲೂ 18, ಈಗಲೂ 18.

ಈಗ ನಿಮ್ಮ ಮನೆಯ ವಿಷಯ. ನೀಟ್ ಪರೀಕ್ಷೆ ಮೇ ಮೊದಲ ವಾರದ ಆಸುಪಾಸು ಇರುತ್ತದೆ. ಮೊದಲ ಪಿಯುಸಿ ಹುಡುಗಿಗೆ ಜೂನ್‌ನಿಂದ ಲೆಕ್ಕ ಹಾಕಿದರೆ ಎರಡು ವರ್ಷವೂ ಪೂರ್ತಿ ಸಿಗುವುದಿಲ್ಲ. ಅದರಲ್ಲಿ ಆರು ತಿಂಗಳು ಗಾಳಿಮಾತಿಗೆ ಕೊಡುವುದು ನನ್ನ ಪ್ರಕಾರ ನಷ್ಟವೇ. ಅವಳಿಗೆ ಬೇಕಾದ್ದು 11 ಇಂಚಿನ ಹತ್ತಿರದ ಪರದೆ ಮತ್ತು 128 ಜಿಬಿ. ರೆಕಾರ್ಡ್ ಮಾಡಿದ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟರೆ 64 ಜಿಬಿ ಬೇಗ ತುಂಬುತ್ತದೆ. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಸಿಮ್ ಹಾಕುವ ಮಾಡೆಲ್ಲನ್ನೇ ತಗೊಳ್ಳಿ, ಇಲ್ಲದಿದ್ದರೆ ಹಾಟ್‌ಸ್ಪಾಟ್ ಕೊಡಲು ನಿಮ್ಮ ಫೋನೂ ಅವಳ ಹತ್ತಿರವೇ ಕೂರಬೇಕಾಗುತ್ತದೆ. ಪರದೆ ಮೇಲೆ ಬರೆದು ಲೆಕ್ಕ ಬಿಡಿಸುವ ಅಭ್ಯಾಸ ಇದ್ದರೆ ಪೆನ್ ನಡೆಯುತ್ತದಾ ಅಂತ ಮೊದಲೇ ಕೇಳಿ. ಸ್ಯಾಮ್‌ಸಂಗ್ ಎ9 ಪ್ಲಸ್‌ನಲ್ಲಿ ಎಸ್ ಪೆನ್ ನಡೆಯುವುದಿಲ್ಲ.

ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅನ್ನುವುದನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. 2019ರ ಸೆಪ್ಟೆಂಬರ್‌ನ ಐಪ್ಯಾಡ್‌ಗೆ ಹೊಸ ಆವೃತ್ತಿ ನಿಂತದ್ದು 2025ರಲ್ಲಿ. ಸ್ಯಾಮ್‌ಸಂಗ್ ತನ್ನ ಎಸ್10ಕ್ಕೆ ಏಳು ವರ್ಷದ ಮಾತು ಕೊಟ್ಟಿದೆ. ಹಳೆಯ ಅಗ್ಗದ ಮಾಡೆಲ್‌ಗಳಲ್ಲಿ ಈ ಅವಧಿ ಕಡಿಮೆ. ಹಾಗಾಗಿ ಮೂರು ವರ್ಷ ಹಿಂದಿನ ಅಗ್ಗದ ಮಾಡೆಲ್ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ನಾನು ಕಾಯಿರಿ ಅನ್ನುವುದು ಒಂದೇ ಸಂದರ್ಭದಲ್ಲಿ. ನೀವು ಕೊಳ್ಳಬೇಕೆಂದಿರುವ ಮಾಡೆಲ್ ಬಂದು ಎರಡು ವರ್ಷದ ಹತ್ತಿರವಾಗಿರಬೇಕು. ಈಗ ನಡೆಯುತ್ತಿರುವುದು ಫೆಬ್ರವರಿಯೋ ಆಗಸ್ಟೋ ಆಗಿರಬೇಕು. ಬಿಐಎಸ್ ಪಟ್ಟಿಯಲ್ಲಿ ಅದರ ಮುಂದಿನ ನಂಬರ್ ಕಂಡಿರಬೇಕು. ಮೂರೂ ಕೂಡಿದರೆ ಆರೇಳು ವಾರ ತಡೆಯಿರಿ. ಹೊಸದು ಬೇಡ ಅನಿಸಿದರೂ ಹಳೆಯದರ ಬೆಲೆ ಅಷ್ಟರಲ್ಲಿ ಇಳಿಯಬಹುದು. ಆಗಸ್ಟ್ ಆದರೆ ದಸರಾ, ದೀಪಾವಳಿಯ ಆನ್‌ಲೈನ್ ರಿಯಾಯಿತಿಯೂ ಹಿಂದೆಯೇ ಬರುತ್ತದೆ.

ಮಾರ್ಚ್ ಅಥವಾ ಸೆಪ್ಟೆಂಬರ್‌ನಲ್ಲೇ ಅರ್ಜೆಂಟಾಗಿ ಬೇಕಾಗಿಬಿಟ್ಟರೆ ವಾಪಸ್ ತಗೊಳ್ಳುವ ಕಡೆ ಕೊಳ್ಳಿ. ಬಾಕ್ಸ್ ಒಡೆದ ಮೇಲೆ ಊರಿನ ಅಂಗಡಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಪಲ್‌ನ ಸ್ವಂತ ಆನ್‌ಲೈನ್ ಸ್ಟೋರ್‌ನಲ್ಲಿ 14 ದಿನದ ಅವಕಾಶ ಇದೆ. ಅಷ್ಟರೊಳಗೆ ಹೊಸದು ಬಂದರೆ ಕೊಟ್ಟು ಬದಲಾಯಿಸಿಕೊಳ್ಳಬಹುದು. ಅಲ್ಲಿಯವರೆಗೆ ಬಾಕ್ಸ್, ಕೇಬಲ್, ಬಿಲ್ ಯಾವುದನ್ನೂ ಬಿಸಾಡಬೇಡಿ.