ಅಘನಾಶಿನಿ: ಕಟ್ಟೆ ಕಾಣದೆ ಕಡಲು ಸೇರುವ ಹೊಳೆ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಕುಮಟಾ ತಾಲೂಕಿನ ತದಡಿಯಲ್ಲಿ ಅರಬ್ಬಿ ಸಮುದ್ರ ಸೇರುವ ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ ಅಡ್ಡ ನಿಂತಿತು. ಉತ್ತರದ ಕಾಳಿಗೆ ಸೂಪಾದಿಂದ ಕದ್ರಾವರೆಗೆ ಕಟ್ಟೆಗಳ ಸಾಲೇ ಬಂತು.

ಘಟ್ಟದ ಮೇಲೆ ಈ ಹೊಳೆಯ ದಂಡೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿಯ ತವರು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳದಲ್ಲೇ ಮರದ ಗುಣ ಗೊತ್ತಾಗುತ್ತದೆ. ಜೀರಿಗೆ ವಾಸನೆಯ ಮಿಡಿಗೆ ಬೆಲೆ ಹೆಚ್ಚು. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿಯುವವರೂ ಇದ್ದಾರೆಂಬುದು ಬೇರೆ ಮಾತು.

ಘಟ್ಟದ ಕೆಳಗಿನ ಕಥೆ ಇನ್ನೂ ಜಟಿಲ. ಸಿಹಿನೀರು ಉಪ್ಪುನೀರು ಬೆರೆಯುವ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಉಳಿದ ತಿಂಗಳು ಮೀನು, ಸಿಗಡಿ. ಉಪ್ಪನ್ನೂ ನೆರೆಯನ್ನೂ ತಾಳಿ ನಿಲ್ಲುವ ಕಗ್ಗಕ್ಕೆ ಗೊಬ್ಬರ ಬೇಡ. ತೆನೆಯನ್ನಷ್ಟೇ ಕೊಯ್ದು ಬಿಟ್ಟ ಹುಲ್ಲು ಕೊಳೆತು ಮೀನಿಗೆ ಮೇವಾಗುತ್ತದೆ. ಊರವರೇ ವರ್ಷವರ್ಷ ಕಟ್ಟುತ್ತಿದ್ದ ಮಣ್ಣಿನ ಒಡ್ಡುಗಳ ಜಾಗದಲ್ಲಿ 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಒಡ್ಡು ಕಟ್ಟಿಸಿತು. ಆ ಬಳಿಕ ಸಿಗಡಿ ಕೃಷಿಯ ಗುತ್ತಿಗೆ ಬಂದು, ಕಗ್ಗ ಮಾಣಿಕಟ್ಟಾದಂಥ ಕೆಲವೇ ಊರುಗಳಿಗೆ ಸೀಮಿತವಾಯಿತು. ಹಾನಿ ಅಣೆಕಟ್ಟಿನಿಂದಲೇ ಬರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯೋಜನೆಗಳೂ ಸುಮ್ಮನಿರಲಿಲ್ಲ. ನೆರೆಯ ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ಅಡಿಕೆ ಬೆಳೆಗಾರರು ಲಾಭ–ನಷ್ಟದ ಲೆಕ್ಕ ಮುಂದಿಟ್ಟೇ ಪ್ರಶ್ನಿಸಿದ್ದರು. ಆ ವಾದದ ರೂಢಿ ಈ ಕಣಿವೆಗೂ ದಕ್ಕಿತು. 2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಮೀನುಗಾರರು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕುವವರು, ಘಟ್ಟದ ಮೇಲಿನವರು ಒಟ್ಟಾಗಿ ವಿರೋಧಿಸಿದರು, ಸ್ಥಾವರ ಬರಲಿಲ್ಲ. 2011ರಲ್ಲಿ ಸಿಂಗಳೀಕಗಳಿಗಾಗಿ ಸುಮಾರು 300 ಚದರ ಕಿಲೋಮೀಟರ್ ಕಾಡು ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಘೋಷಿತವಾಯಿತು. ಆದರೆ ಗೆರೆ ಎಳೆದಿರುವುದು ಹೊಳೆಯ ಬಾಯಿಗೆ ಮಾತ್ರ. ಅಳಿವೆಯ ಉಪ್ಪಿನ ಹದವನ್ನು ನಿರ್ಧರಿಸುವುದು ಘಟ್ಟದಿಂದ ಇಳಿದು ಬರುವ ಸಿಹಿನೀರು. ಆ ನೀರನ್ನೇ ಪೂರ್ವಕ್ಕೆ, ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ನದಿ ಜೋಡಣೆಯ ಪ್ರಸ್ತಾವ ಈಗ ಶಿರಸಿ, ಸಿದ್ದಾಪುರದ ಸಭೆಗಳಲ್ಲಿ ಚರ್ಚೆಯ ವಸ್ತುವಾಗಿದೆ.