ಓದುಗರ ಪ್ರಶ್ನೆ: ಚಿಲ್ಲರೆ ದುಡ್ಡಿನ ದೆವ್ವದ ಸಿನಿಮಾ ಹಾಲಿವುಡ್‌ನಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ: ಕೋಟಿಗಟ್ಟಲೆ ಡಾಲರ್ ಸುರಿದ ಸಿನಿಮಾಗಳೇ ಮಕಾಡೆ ಮಲಗುತ್ತವೆ. ಹಾಗಿರುವಾಗ ಕಡಿಮೆ ಖರ್ಚಿನಲ್ಲಿ ದೆವ್ವದ ಸಿನಿಮಾ ತೆಗೆಯುವ ಬ್ಲಮ್‌ಹೌಸ್‌ನಂಥ ಸಣ್ಣ ಕಂಪನಿ ಹೇಗೆ ಬೆಳೆಯಿತು?

ದೆವ್ವಕ್ಕೂ ಇದರಲ್ಲಿ ಪಾಲಿದೆ. ಆದರೆ ನನಗೆ ದೆವ್ವಕ್ಕಿಂತ ಅವರ ಲೆಕ್ಕವೇ ಜಾಸ್ತಿ ಇಷ್ಟ.

ಕಂಪನಿ ಕಟ್ಟಿದ ಜೇಸನ್ ಬ್ಲಮ್ ಮೊದಲು ಮಿರಾಮ್ಯಾಕ್ಸ್ ಎಂಬ ಸಿನಿಮಾ ಕಂಪನಿಯಲ್ಲಿ, ಬೇರೆಯವರು ತೆಗೆದ ಸಿನಿಮಾ ಕೊಳ್ಳುವ ಕೆಲಸದಲ್ಲಿದ್ದರು. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಕಡಿಮೆ ಖರ್ಚಿನ ಭಯಾನಕ ಸಿನಿಮಾ ಎದುರಿಗೆ ಬಂದಾಗ ಬೇಡ ಅಂದುಬಿಟ್ಟರು. 1999ರಲ್ಲಿ ಅದು ಸಿಕ್ಕಾಪಟ್ಟೆ ಓಡಿತು. ಹೊಟ್ಟೆ ಉರಿಯದೇ ಇರುತ್ತದಾ? ಹಾಗಾಗಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಕಣ್ಣಿಗೆ ಬಿದ್ದಾಗ ಗಟ್ಟಿಯಾಗಿ ಹಿಡಿದುಕೊಂಡರು. ನಿರ್ದೇಶಕ ಒರೆನ್ ಪೆಲಿ ಅಮೆರಿಕದ ಸ್ಯಾನ್ ಡಿಯಾಗೋದ ಸ್ವಂತ ಮನೆಯಲ್ಲೇ, ಒಂದು ವಾರದಲ್ಲಿ, ಸುಮಾರು 15,000 ಡಾಲರಿಗೆ ತೆಗೆದ ಸಿನಿಮಾ ಅದು. ಮಲಗುವ ಕೋಣೆಯಲ್ಲಿ ಟ್ರೈಪಾಡ್ ಮೇಲೊಂದು ಕ್ಯಾಮೆರಾ. ಜೋಡಿ ನಿದ್ದೆಯಲ್ಲಿದೆ. ಪರದೆಯ ಮೂಲೆಯಲ್ಲಿ ಗಡಿಯಾರದ ಅಂಕಿ ಸರಸರ ಓಡಿ ಗಕ್ಕನೆ ನಿಧಾನವಾಗುತ್ತದೆ. ಬಾಗಿಲು ಒಂಚೂರು ಅಲ್ಲಾಡುತ್ತದೆ. ಅಷ್ಟೇ! 2009ರಲ್ಲಿ ಥಿಯೇಟರುಗಳಲ್ಲಿ ಓಡಿ 19 ಕೋಟಿ ಡಾಲರಿಗೂ ಜಾಸ್ತಿ ಬಾಚಿತು.

ಲಾಟರಿ ಒಂದು ಸಲ ಯಾರಿಗಾದರೂ ಹೊಡೆಯುತ್ತದೆ. ಬ್ಲಮ್ ಅದನ್ನೇ ಪದ್ಧತಿ ಮಾಡಿಕೊಂಡರು. ನಿರ್ದೇಶಕರಿಗೆ, ನಟರಿಗೆ ಮೊದಲು ಯೂನಿಯನ್ ನಿಗದಿ ಮಾಡಿದ ಕನಿಷ್ಠ ಸಂಭಾವನೆ. ಸಿನಿಮಾ ಓಡಿದರೆ ಬೋನಸ್. ‘ಲಾಭದಲ್ಲಿ ಪಾಲು ಕೊಡ್ತೀವಿ’ ಅಂತ ಹಾಲಿವುಡ್‌ನವರು ಅಂದರೆ ಹುಷಾರಾಗಿರಬೇಕು. ಹಿಟ್ ಸಿನಿಮಾವನ್ನೂ ಲೆಕ್ಕದ ಪುಸ್ತಕದಲ್ಲಿ ನಷ್ಟ ಅಂತ ಬರೆಯುವುದು ಅಲ್ಲಿ ಹಳೇ ಚಾಳಿ. ಇವರು ಬೋನಸ್ಸನ್ನು ಕಲೆಕ್ಷನ್‌ಗೇ ಗಂಟು ಹಾಕಿದರು. ಇಷ್ಟು ಮುಟ್ಟಿದರೆ ಇಷ್ಟರ ಚೆಕ್. ಜೊತೆಗೆ ಫೈನಲ್ ಕಟ್, ಅಂದರೆ ಸಿನಿಮಾದ ಕೊನೆಯ ರೂಪ ಹೇಗಿರಬೇಕು ಅನ್ನುವ ತೀರ್ಮಾನ, ನಿರ್ದೇಶಕರದ್ದೇ. ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017) ಹೀಗೆ ಬಂದದ್ದು. ಬಜೆಟ್ 45 ಲಕ್ಷ ಡಾಲರ್. ಗಳಿಕೆ 25 ಕೋಟಿ ದಾಟಿತು, ಚಿತ್ರಕಥೆಗೆ ಆಸ್ಕರೂ ಸಿಕ್ಕಿತು.

ಜಿಪುಣತನವೂ ಉಂಟು. ಒಂದೆರಡು ಮನೆ, ಬೆರಳೆಣಿಕೆಯ ನಟರು. ಹೋಟೆಲಿನ ದೃಶ್ಯವಿದ್ದರೆ ಸಪ್ಲೈಯರ್ ಸುಮ್ನೆ ತಲೆಯಾಡಿಸಿ ಹೋಗುತ್ತಾನೆ. ಬಾಯಿ ಬಿಟ್ಟರೆ ಮಾತಿನ ಪಾತ್ರದ ಸಂಬಳ ಕೊಡಬೇಕಲ್ಲ!

ಎಲ್ಲವನ್ನೂ ಒಂಟಿಯಾಗಿ ಮಾಡಿದರು ಅಂದುಕೊಳ್ಳಬೇಡಿ. ಊರೂರಿನ ಥಿಯೇಟರಿಗೆ ಸಿನಿಮಾ ಮುಟ್ಟಿಸಿದ್ದು ಪ್ಯಾರಾಮೌಂಟ್, ಯೂನಿವರ್ಸಲ್‌ನಂಥ ದೊಡ್ಡ ಸ್ಟುಡಿಯೋದವರೇ. ಅಲ್ಲಿ ಪ್ರಚಾರದ ಖರ್ಚು ಇಂಥ ಸಿನಿಮಾದ ಖರ್ಚಿಗಿಂತ ಎಷ್ಟೋ ಪಟ್ಟು. ಅದಕ್ಕೇ ಮೊದಲು ಸಿನಿಮಾ ತೆಗೆದು ನೋಡುತ್ತಾರೆ. ಓಡುವಂತಿದ್ದರೆ ಪ್ರಚಾರಕ್ಕೆ ದುಡ್ಡು ಬಿಚ್ಚುತ್ತಾರೆ. ಇಲ್ಲದಿದ್ದರೆ ಸದ್ದಿಲ್ಲದೆ ಆನ್‌ಲೈನ್‌ಗೆ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಹಾಗೆ ಥಿಯೇಟರಿನ ಮುಖ ಸರಿಯಾಗಿ ನೋಡದ ಬ್ಲಮ್‌ಹೌಸ್ ಸಿನಿಮಾಗಳೂ ಇವೆ.